ಜೀರ್ಣಕಾರಿ ಕಿಣ್ವಗಳ ಅನುಕೂಲತಮ ತಾಪಮಾನ 37 ಡಿಗ್ರಿಯೇ, ಅದಕ್ಕಿಂತ ಹೆಚ್ಚೇ?

ಪ್ರಶ್ನೆ
ಕೇಳಿದವರು: ಜೀವಶಾಸ್ತ್ರ ಬೋಧಕಿ

ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವ ವೇಗ ತಾಪಮಾನಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ತೋರಿಸುವ ಪ್ರಯೋಗವನ್ನು ನಾನು ಹಿರಿಯ ತರಗತಿಯ ವಿದ್ಯಾರ್ಥಿಗಳಿಂದ ಮಾಡಿಸುತ್ತೇನೆ. ಶೇಕಡಾ 1ರ ಪಿಷ್ಟದ ದ್ರಾವಣ, ಹತ್ತು ಪಟ್ಟು ನೀರು ಬೆರೆಸಿದ ಲಾಲಾರಸ ಮತ್ತು ಅಯೋಡಿನ್ ದ್ರಾವಣ, ಇಷ್ಟೇ ಸಾಮಗ್ರಿ. ಮಂಜುಗಡ್ಡೆಯ ನೀರು, ಕೊಠಡಿಯ ತಾಪಮಾನ, 37, 50 ಮತ್ತು 60 ಡಿಗ್ರಿ ಸೆಲ್ಸಿಯಸ್‌ನ ವಾಟರ್ ಬಾತ್‌ಗಳು, ಕುದಿಯುವ ನೀರು, ಹೀಗೆ ಬೇರೆ ಬೇರೆ ಕಡೆ ಪ್ರನಾಳಗಳನ್ನಿಟ್ಟು, ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿ ಮಿಶ್ರಣವನ್ನು ಅಯೋಡಿನ್‌ಗೆ ಸೇರಿಸಿ, ನೀಲಿ ಬಣ್ಣ ಬರುವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇವೆ.

ಪಠ್ಯಪುಸ್ತಕದಲ್ಲಿರುವ ನಕ್ಷೆಯ ಪ್ರಕಾರ ವೇಗವು ನಿಧಾನವಾಗಿ ಏರಿ, 37 ಡಿಗ್ರಿಯಲ್ಲಿ ಶಿಖರ ಮುಟ್ಟಿ, ಅಲ್ಲಿಂದಾಚೆ ಕಡಿದಾಗಿ ಇಳಿಯಬೇಕು. ಆದರೆ ನಮ್ಮ ತರಗತಿಯಲ್ಲಿ 50 ಡಿಗ್ರಿಯ ಪ್ರನಾಳದಲ್ಲಿಯೇ ಪಿಷ್ಟ ಎಲ್ಲಕ್ಕಿಂತ ಬೇಗ ಮಾಯವಾಗುತ್ತದೆ. ಬೇರೆ ಬೇರೆ ಗುಂಪುಗಳು ಪ್ರತ್ಯೇಕವಾಗಿ ಮಾಡಿದಾಗಲೂ ಇದೇ ಕಂಡುಬಂದಿದೆ. ಕೆಲವು ವಿದ್ಯಾರ್ಥಿಗಳು ತಮ್ಮ ಅಂಕಿಗಳನ್ನು ಪುಸ್ತಕದ ನಕ್ಷೆಗೆ ಹೊಂದುವಂತೆ ತಿದ್ದಿಕೊಂಡು ಬರೆಯಲು ಹೊರಟಿದ್ದರಿಂದ, ಈ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ ಎನಿಸಿತು.

ನನ್ನ ಪ್ರಶ್ನೆಗಳು ಇವು. 50 ಡಿಗ್ರಿಯಲ್ಲಿ ವೇಗ ಹೆಚ್ಚಾಗಿ ಕಾಣುವುದು ನಿಜವಾದ ಪರಿಣಾಮವೋ, ಪ್ರಯೋಗದ ವಿಧಾನದಿಂದ ಬಂದ ಭ್ರಮೆಯೋ? ನಿಜವಾದರೆ 37 ಡಿಗ್ರಿಯನ್ನು ಅನುಕೂಲತಮ ತಾಪಮಾನ ಎಂದು ಕರೆಯುವುದಕ್ಕೆ ಏನು ಆಧಾರ? ಇದರ ಜೊತೆಗೆ, ಜ್ವರ ಬಂದಾಗ ಅಥವಾ ತಣ್ಣನೆಯ ನೀರು ಕುಡಿದಾಗ ಜೀರ್ಣಕ್ರಿಯೆಯ ಕಿಣ್ವಗಳಿಗೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದಕ್ಕೂ ಅಂದಾಜಿನ ಮಾತು ಬಿಟ್ಟು ಲೆಕ್ಕ ಹಾಕಿ ಉತ್ತರ ಕೊಡಲು ಸಾಧ್ಯವಾದರೆ ಒಳ್ಳೆಯದು.

ಉತ್ತರ
ಬರೆದವರು: ಜೀವರಸಾಯನ ವಿಜ್ಞಾನದ ಅಧ್ಯಾಪಕ

ನಿಮ್ಮ ವಿದ್ಯಾರ್ಥಿಗಳ ಫಲಿತಾಂಶ ಸರಿಯಾಗಿದೆ. ದಯವಿಟ್ಟು ಒಂದು ಅಂಕಿಯನ್ನೂ ತಿದ್ದಲು ಬಿಡಬೇಡಿ. ಪುಸ್ತಕದ ನಕ್ಷೆಯಲ್ಲಿ ಒಂದು ಮುಖ್ಯ ವಿವರವನ್ನು ಹೇಳದೆ ಬಿಟ್ಟಿದ್ದಾರೆ. ಪ್ರಯೋಗ ಎಷ್ಟು ಹೊತ್ತು ನಡೆಯಿತು ಎಂಬುದೇ ಆ ವಿವರ. ಅದನ್ನು ಸೇರಿಸಿಕೊಂಡರೆ ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಸಿಗುತ್ತದೆ.

ತಾಪಮಾನ ಏರಿದಂತೆ ಕಿಣ್ವವಿರುವ ಪ್ರನಾಳದಲ್ಲಿ ಎರಡು ಸಂಗತಿಗಳು ಏಕಕಾಲಕ್ಕೆ ಚುರುಕಾಗುತ್ತವೆ. ಒಂದು, ಕಿಣ್ವವು ಪಿಷ್ಟವನ್ನು ಒಡೆಯುವ ಕ್ರಿಯೆ. ಇನ್ನೊಂದು, ಕಿಣ್ವವೇ ತನ್ನ ಆಕಾರ ಕಳೆದುಕೊಂಡು ನಿಷ್ಕ್ರಿಯವಾಗುವ ಕ್ರಿಯೆ. ನಕ್ಷೆಯ ಶಿಖರವು ಈ ಎರಡರ ಪೈಪೋಟಿಯಿಂದ ಹುಟ್ಟುವಂಥದ್ದು. ಕಿಣ್ವದೊಳಗೆ 37 ಎಂದು ಬರೆದಿಟ್ಟ ಯಾವ ಗುಣವೂ ಇಲ್ಲ.

ಮೊದಲನೆಯದನ್ನು ನೋಡೋಣ. ‘ಬಿಸಿಯಾದರೆ ಅಣುಗಳು ವೇಗವಾಗಿ ಓಡಾಡಿ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ, ಆದ್ದರಿಂದ ಕ್ರಿಯೆ ವೇಗವಾಗುತ್ತದೆ’ ಎಂಬ ವಿವರಣೆ ಬಹಳ ಕಡೆ ಇದೆ. ಇದು ಸುಳ್ಳಲ್ಲವಾದರೂ ಸಾಲದು. ಅಣುಗಳ ಸರಾಸರಿ ವೇಗವು ನಿರಪೇಕ್ಷ ತಾಪಮಾನದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹಾಗಾಗಿ 27 ಡಿಗ್ರಿಯಿಂದ 37 ಡಿಗ್ರಿಗೆ, ಅಂದರೆ 300 ಕೆಲ್ವಿನ್‌ನಿಂದ 310 ಕೆಲ್ವಿನ್‌ಗೆ ಹೋದಾಗ ಅದು ಹೆಚ್ಚುವುದು ಶೇಕಡಾ 2ಕ್ಕಿಂತ ಕಡಿಮೆ. ಆದರೆ ಅದೇ ಹತ್ತು ಡಿಗ್ರಿಯ ಅಂತರದಲ್ಲಿ ಕಿಣ್ವಕ್ರಿಯೆಯ ವೇಗ ಸಾಮಾನ್ಯವಾಗಿ ಎರಡು ಪಟ್ಟಿನ ಹತ್ತಿರ ಬರುತ್ತದೆ. ಈ ದೊಡ್ಡ ಅಂತರಕ್ಕೆ ಕಾರಣ, ಕ್ರಿಯೆ ನಡೆಯಬೇಕಾದರೆ ದಾಟಲೇಬೇಕಾದ ಶಕ್ತಿಯ ತಡೆ, ಅಂದರೆ ಸಕ್ರಿಯಕರಣ ಶಕ್ತಿ. ಯಾವುದೇ ಕ್ಷಣದಲ್ಲಿ ಅಣುಗಳ ಒಂದು ಸಣ್ಣ ಪಾಲಿಗೆ ಮಾತ್ರ ಆ ತಡೆಯನ್ನು ದಾಟುವಷ್ಟು ಶಕ್ತಿ ಇರುತ್ತದೆ. ತಾಪಮಾನ ಸ್ವಲ್ಪ ಏರಿದರೂ ಆ ಸಣ್ಣ ಪಾಲು ಬಹಳ ಹಿಗ್ಗುತ್ತದೆ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಕೊಟ್ಟ ಸಮೀಕರಣ ಹೇಳುವುದು ಇದನ್ನೇ. ಸಕ್ರಿಯಕರಣ ಶಕ್ತಿ ಮೋಲ್‌ಗೆ 50 ಕಿಲೋಜೂಲ್ ಎಂದು ಹಿಡಿದು ಲೆಕ್ಕ ಹಾಕಿದರೆ, 27ರಿಂದ 37 ಡಿಗ್ರಿಗೆ ವೇಗ ಸುಮಾರು 1.9 ಪಟ್ಟಾಗುತ್ತದೆ.

ಎರಡನೆಯದು ಕಿಣ್ವದ ಆಕಾರದ ಪ್ರಶ್ನೆ. ಅಮೈಲೇಸ್ ಸುಮಾರು 500 ಅಮೈನೋ ಆಮ್ಲಗಳ ಸರಪಳಿ. ಅದು ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಾಗ ಮಾತ್ರ, ಸರಪಳಿಯಲ್ಲಿ ಒಂದಕ್ಕೊಂದು ದೂರವಿರುವ ಅಮೈನೋ ಆಮ್ಲಗಳು ಒಂದೆಡೆ ಸೇರಿ ಪಿಷ್ಟವನ್ನು ಹಿಡಿದು ಕತ್ತರಿಸುವ ಸಕ್ರಿಯ ತಾಣ ರೂಪುಗೊಳ್ಳುತ್ತದೆ. ಆ ಮಡಿಕೆಯನ್ನು ಹಿಡಿದಿಡುವವು ಹೈಡ್ರೋಜನ್ ಬಂಧಗಳು, ವಿರುದ್ಧ ವಿದ್ಯುದಾವೇಶಗಳ ಆಕರ್ಷಣೆ, ನೀರಿನಿಂದ ದೂರ ಸರಿದು ಒಳಗೆ ಗುಂಪುಗೂಡುವ ಭಾಗಗಳ ಒತ್ತಾಸೆ ಮುಂತಾದ ದುರ್ಬಲ ಬಲಗಳು. ಇವು ಸಾವಿರಾರು ಇದ್ದರೂ, ಬಿಚ್ಚಿಕೊಂಡ ಸ್ಥಿತಿಗೆ ಹೋಲಿಸಿದರೆ ಮಡಿಚಿಕೊಂಡ ಸ್ಥಿತಿಗೆ ಸಿಗುವ ನಿವ್ವಳ ಸ್ಥಿರತೆ ಹೆಚ್ಚಿನ ಪ್ರೋಟೀನ್‌ಗಳಲ್ಲಿ ಮೋಲ್‌ಗೆ 20ರಿಂದ 60 ಕಿಲೋಜೂಲ್ ಮಾತ್ರ, ಅಂದರೆ ಕೆಲವೇ ಹೈಡ್ರೋಜನ್ ಬಂಧಗಳಷ್ಟು. ಆದ್ದರಿಂದಲೇ ಒಂದು ಮಿತಿ ದಾಟಿದ ಮೇಲೆ ಈ ರಚನೆ ಬಹು ಬೇಗ ಕುಸಿಯುತ್ತದೆ. ಇದನ್ನೇ ಡಿನೇಚರೇಷನ್ ಎನ್ನುತ್ತಾರೆ.

ಈ ಕುಸಿತಕ್ಕೂ ಒಂದು ಸಕ್ರಿಯಕರಣ ಶಕ್ತಿ ಇದೆ, ಮತ್ತು ಅದು ತುಂಬ ದೊಡ್ಡದು. ಏಕೆಂದರೆ ಅನೇಕ ದುರ್ಬಲ ಬಂಧಗಳು ಒಟ್ಟಿಗೆ ಕಡಿಯಬೇಕು. ಮೋಲ್‌ಗೆ 300 ಕಿಲೋಜೂಲ್ ಎಂದು ಹಿಡಿಯಿರಿ. ಆಗ 50ರಿಂದ 60 ಡಿಗ್ರಿಗೆ ಹೋದರೆ ಪಿಷ್ಟ ಒಡೆಯುವ ವೇಗ ಸುಮಾರು 1.75 ಪಟ್ಟಾದರೆ, ಕಿಣ್ವ ಹಾಳಾಗುವ ವೇಗ ಸುಮಾರು 28 ಪಟ್ಟಾಗುತ್ತದೆ. ನಕ್ಷೆಯ ಎಡಬದಿ ಇಳಿಜಾರಾಗಿಯೂ ಬಲಬದಿ ಕಡಿದಾಗಿಯೂ ಇರುವುದಕ್ಕೆ ಕಾರಣ ಈ ವ್ಯತ್ಯಾಸ. ಬೆಲ್ಲಿನ ಆಕಾರ ಎಂದು ಹೇಳಿಕೊಡುವಾಗ ಎರಡೂ ಬದಿ ಸಮವಾಗಿರುವಂತೆ ಬಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡು ಬದಿಗಳನ್ನು ಆಳುವ ಕಾರಣಗಳು ಬೇರೆ ಬೇರೆ ಎಂಬುದೇ ಆ ಚಿತ್ರದಲ್ಲಿ ಅಳಿಸಿಹೋಗುತ್ತದೆ.

ಈಗ ಕಾಲದ ಮಾತು. ವಿದ್ಯಾರ್ಥಿಗಳು ತಾವೇ ಹಾಕಬಹುದಾದ ಒಂದು ಲೆಕ್ಕ ಕೊಡುತ್ತೇನೆ. 37 ಡಿಗ್ರಿಯಲ್ಲಿ ಕಿಣ್ವ ಹಾಳಾಗದೆ ನಿಮಿಷಕ್ಕೆ 1 ಘಟಕದಷ್ಟು ಸಕ್ಕರೆ ಉತ್ಪಾದಿಸುತ್ತದೆ ಎಂದುಕೊಳ್ಳಿ. 55 ಡಿಗ್ರಿಯಲ್ಲಿ ಅದೇ ಕಿಣ್ವದ ಆರಂಭದ ವೇಗ ಸುಮಾರು 2.9 ಘಟಕ ಇರುತ್ತದೆ. ಆದರೆ ಅಲ್ಲಿ ಪ್ರತಿ 5 ನಿಮಿಷಕ್ಕೆ, ಉಳಿದಿರುವ ಕಿಣ್ವದಲ್ಲಿ ಅರ್ಧ ನಿಷ್ಕ್ರಿಯವಾಗುತ್ತದೆ ಎಂದುಕೊಳ್ಳಿ. ಮೂರು ನಿಮಿಷಕ್ಕೆ ನಿಲ್ಲಿಸಿ ಅಳೆದರೆ 37ರಲ್ಲಿ 3 ಘಟಕ, 55ರಲ್ಲಿ ಸುಮಾರು 7 ಘಟಕ; 55 ಡಿಗ್ರಿ ಸ್ಪಷ್ಟವಾಗಿ ಮುಂದಿದೆ. ಹತ್ತು ನಿಮಿಷಕ್ಕೆ 10 ಮತ್ತು ಸುಮಾರು 16. ಇಪ್ಪತ್ತು ನಿಮಿಷಕ್ಕೆ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಒಂದು ಗಂಟೆಯ ನಂತರ ಅಳೆದರೆ 37ರಲ್ಲಿ 60 ಘಟಕ ಇದ್ದರೆ 55ರಲ್ಲಿ 21ರ ಸುಮಾರಿಗೆ ನಿಂತುಬಿಟ್ಟಿರುತ್ತದೆ. ಕಿಣ್ವ ಅದೇ, ಪಿಷ್ಟ ಅದೇ, ಆದರೆ ಗಡಿಯಾರ ಯಾವಾಗ ನಿಲ್ಲಿಸಿದಿರಿ ಎಂಬುದರ ಮೇಲೆ ಅನುಕೂಲತಮ ತಾಪಮಾನ ಬದಲಾಗುತ್ತದೆ. ನಿಮ್ಮ ಪ್ರಯೋಗ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ 50 ಡಿಗ್ರಿ ಗೆಲ್ಲುವುದು ಸಹಜ. ಜೀರ್ಣಾಂಗದಲ್ಲಿ ಆಹಾರ ಗಂಟೆಗಟ್ಟಲೆ ಇರುತ್ತದೆ, ಮತ್ತು ಅಷ್ಟೂ ಹೊತ್ತು ಕಿಣ್ವ ಕೆಲಸ ಮಾಡುತ್ತಿರಬೇಕು. ಆ ದೃಷ್ಟಿಯಿಂದ 37 ಡಿಗ್ರಿಗೆ ಅರ್ಥವಿದೆ.

ಆದ್ದರಿಂದ ‘ಈ ಬಫರ್‌ನಲ್ಲಿ, ಈ ಪಿಎಚ್‌ನಲ್ಲಿ, ಇಷ್ಟು ನಿಮಿಷದ ಪ್ರಯೋಗದಲ್ಲಿ ಗರಿಷ್ಠ ವೇಗ ಕಂಡ ತಾಪಮಾನ’ ಎಂದು ಬರೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು. (ಪಿಎಚ್ ಎಂದರೆ ದ್ರಾವಣದ ಆಮ್ಲೀಯತೆಯ ಅಳತೆ, ಬಫರ್ ಎಂದರೆ ಅದನ್ನು ಸ್ಥಿರವಾಗಿಡುವ ದ್ರಾವಣ.) ಹೆಚ್ಚು ಆಸಕ್ತಿ ಇರುವವರಿಗೆ ಇನ್ನೊಂದು ಮಾತು: ನ್ಯೂಜಿಲೆಂಡಿನ ಡೇನಿಯಲ್ ಮತ್ತು ಬ್ರಿಟನ್ನಿನ ಡ್ಯಾನ್ಸನ್ ಅವರ ತಂಡ ಈ ಶತಮಾನದ ಆರಂಭದಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಪೂರ್ತಿ ಕುಸಿಯುವುದಕ್ಕೆ ಮೊದಲೇ ಕಿಣ್ವವು ಒಂದು ತಾತ್ಕಾಲಿಕ ನಿಷ್ಕ್ರಿಯ ರೂಪಕ್ಕೆ ಹೋಗಿಬರುತ್ತಿರುತ್ತದೆ. ಕಾಲದ ಪರಿಣಾಮವನ್ನು ಕಳೆದು ಕೇವಲ ಆರಂಭದ ವೇಗವನ್ನು ನೋಡಿದರೂ ಒಂದು ಶಿಖರ ಕಾಣಿಸುವುದಕ್ಕೆ ಅವರು ಕೊಡುವ ಕಾರಣ ಇದು. ತರಗತಿಗೆ ಇಷ್ಟು ದೂರ ಹೋಗಬೇಕಾಗಿಲ್ಲ.

ಉತ್ತರ
ಬರೆದವರು: ಪ್ರಯೋಗಾಲಯದ ಹಿರಿಯ ಸಹಾಯಕ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ‘ವಿಧಾನದಿಂದ ಬಂದ ಭ್ರಮೆಯೋ’ ಎಂದು ಮೇಡಂ ಕೇಳಿರುವುದನ್ನು ಅಷ್ಟಕ್ಕೇ ಬಿಡಬಾರದು, ಏಕೆಂದರೆ ಇದೇ ಪ್ರಯೋಗದಲ್ಲಿ ಮೋಸ ಹೋಗಲು ಹಲವು ದಾರಿಗಳಿವೆ.

ಎಲ್ಲಕ್ಕಿಂತ ದೊಡ್ಡದು ಅಯೋಡಿನ್‌ನದು. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ನೀಲಿ ಬಣ್ಣ ಬರುತ್ತದೆ. ದ್ರಾವಣ ಬಿಸಿಯಾದರೆ ಆ ಜೋಡಣೆ ಸಡಿಲವಾಗಿ ಬಣ್ಣ ಮಸುಕಾಗುತ್ತದೆ, ಚೆನ್ನಾಗಿ ಬಿಸಿಯಾದರೆ ಪೂರ್ತಿ ಹೋಗಿಬಿಡುತ್ತದೆ, ತಣ್ಣಗಾದ ಮೇಲೆ ಮರಳಿ ಬರುತ್ತದೆ. ಆದ್ದರಿಂದ ಬಿಸಿ ಪ್ರನಾಳಕ್ಕೇ ಅಯೋಡಿನ್ ಸುರಿದರೆ, ಕಿಣ್ವ ಏನೂ ಮಾಡದಿದ್ದರೂ ಪಿಷ್ಟ ಜೀರ್ಣವಾದಂತೆ ಕಾಣುತ್ತದೆ. ನೀವು ಹನಿಯನ್ನು ಹೊರತೆಗೆದು ಅಯೋಡಿನ್‌ಗೆ ಸೇರಿಸುತ್ತಿರುವುದು ಸರಿಯಾದ ಕ್ರಮ. ಆ ಅಯೋಡಿನ್ ಇರುವ ಬಿಳಿ ತಟ್ಟೆ ತಣ್ಣಗಿರಲಿ, ಮತ್ತು ಹನಿ ಬಿದ್ದ ಮೇಲೆ ಕೆಲವು ಕ್ಷಣ ಬಿಟ್ಟು ಬಣ್ಣ ನೋಡಲಿ. ಪ್ರತಿ ತಾಪಮಾನದಲ್ಲಿಯೂ ಲಾಲಾರಸದ ಬದಲು ನೀರು ಹಾಕಿದ, ಅಥವಾ ಮೊದಲೇ ಕುದಿಸಿ ತಣಿಸಿದ ಲಾಲಾರಸ ಹಾಕಿದ ಒಂದು ಹೋಲಿಕೆಯ ಪ್ರನಾಳ ಇಡಲೇಬೇಕು. ಅದಿಲ್ಲದೆ 50 ಅಥವಾ 60 ಡಿಗ್ರಿಯ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಎರಡನೆಯದಾಗಿ, ಪಿಷ್ಟ ಮತ್ತು ಲಾಲಾರಸವನ್ನು ಬೇರೆ ಬೇರೆ ಪ್ರನಾಳಗಳಲ್ಲಿ ಅದೇ ವಾಟರ್ ಬಾತ್‌ನಲ್ಲಿಟ್ಟು, ಎರಡೂ ಬೇಕಾದ ತಾಪಮಾನಕ್ಕೆ ಬಂದ ಮೇಲೆ ಬೆರೆಸಬೇಕು. ವಾಟರ್ ಬಾತ್‌ನ ತಾಪಮಾಪಕ 60 ತೋರಿಸುತ್ತಿದ್ದರೂ ಪ್ರನಾಳದೊಳಗಿನ ದ್ರಾವಣ 60ಕ್ಕೆ ಬರಲು ಹಲವು ನಿಮಿಷ ಬೇಕು. ಬೆರೆಸಿದ ಮೇಲೆ ಬಿಸಿಗಿಟ್ಟರೆ ಹೆಚ್ಚಿನ ಕೆಲಸ ದಾರಿಯಲ್ಲಿಯೇ, ಅಂದರೆ 40 ಮತ್ತು 50ರ ನಡುವೆಯೇ ಮುಗಿದುಹೋಗಿರುತ್ತದೆ. ಆದರೆ ಇಲ್ಲಿ ಅಧ್ಯಾಪಕರು ಹೇಳಿದ ಕಾಲದ ಮಾತು ಮತ್ತೆ ಬರುತ್ತದೆ: ಬೆರೆಸುವ ಮೊದಲು ಕಿಣ್ವವನ್ನು 60 ಡಿಗ್ರಿಯಲ್ಲಿ ಎಷ್ಟು ಹೊತ್ತು ಕಾಯಿಸಿದಿರಿ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. ಆದ್ದರಿಂದ ಆ ಅವಧಿಯನ್ನು ಎಲ್ಲ ಗುಂಪುಗಳಿಗೂ ಒಂದೇ ಇಟ್ಟು ದಾಖಲಿಸಿರಿ. ಇದನ್ನೇ ಒಂದು ಪ್ರಯೋಗವನ್ನಾಗಿ ಮಾಡಬಹುದು. ಲಾಲಾರಸವನ್ನು 60 ಡಿಗ್ರಿಯಲ್ಲಿ ಬೇರೆ ಬೇರೆ ಅವಧಿ ಇಟ್ಟು, ಕೂಡಲೇ ತಣಿಸಿ, ಎಲ್ಲವನ್ನೂ 37 ಡಿಗ್ರಿಯಲ್ಲಿಯೇ ಪಿಷ್ಟದೊಂದಿಗೆ ಬೆರೆಸಿ ಪರೀಕ್ಷಿಸಿದರೆ, ಕಿಣ್ವ ಹಾಳಾಗುವುದನ್ನು ಅದರ ಕೆಲಸದಿಂದ ಬೇರ್ಪಡಿಸಿ ನೋಡಿದಂತಾಗುತ್ತದೆ.

ಲಾಲಾರಸವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತುಂಬ ತೆಳುಮಾಡಿದರೆ ಅಮೈಲೇಸ್‌ಗೆ ಬೇಕಾದ ಕ್ಲೋರೈಡ್ ಸಾಲದೆ ವೇಗ ಕುಸಿಯುತ್ತದೆ. ತೆಳುಮಾಡುವ ನೀರಿಗೆ ಸ್ವಲ್ಪ ಉಪ್ಪು ಸೇರಿಸಿ.

ಬೇರೆ ಕಿಣ್ವಗಳನ್ನು ತೆಗೆದುಕೊಳ್ಳುವವರಿಗೂ ಎಚ್ಚರಿಕೆ ಬೇಕು. ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದ ಪ್ರಯೋಗದಲ್ಲಿ ತಾಪಮಾನ ಇಳಿದಾಗ ಕೊಬ್ಬೇ ಗಟ್ಟಿಯಾಗುತ್ತದೆ. ವೇಗ ಕಡಿಮೆಯಾದದ್ದರಲ್ಲಿ ಎಷ್ಟು ಪಾಲು ಕಿಣ್ವದ್ದು, ಎಷ್ಟು ಕೊಬ್ಬಿನದು ಎಂದು ಹೇಳುವುದು ಕಷ್ಟ. ಕರುವಿನ ಹೊಟ್ಟೆಯ ಕೈಮೋಸಿನ್‌ನಿಂದ ಹಾಲು ಹೆಪ್ಪುಗಟ್ಟಿಸುವ ಪ್ರಯೋಗದಲ್ಲಂತೂ ಕಿಣ್ವವು ತಣ್ಣನೆಯ ಹಾಲಿನಲ್ಲಿಯೂ ಹಾಲಿನ ಪ್ರೋಟೀನ್ ಆದ ಕೇಸೀನ್ ಅನ್ನು ನಿಧಾನವಾಗಿ ಕತ್ತರಿಸುತ್ತಲೇ ಇರುತ್ತದೆ, ಆದರೆ ಕತ್ತರಿಸಿದ ಕೇಸೀನ್ ಒಟ್ಟುಗೂಡಿ ಗಟ್ಟಿಯಾಗಲು ಮಾತ್ರ ಬಿಸಿ ಬೇಕು. ಹೀಗೆ ಬಿಟ್ಟ ಹಾಲನ್ನು ಬೆಚ್ಚಗೆ ಮಾಡಿದರೆ ಬೇಗನೆ ಹೆಪ್ಪುಗಟ್ಟುತ್ತದೆ. ಅಲ್ಲಿ ಹೆಪ್ಪು ಕಾಣಲಿಲ್ಲವೆಂದು ಕಿಣ್ವ ಸುಮ್ಮನಿತ್ತು ಎಂದು ಬರೆದರೆ ತಪ್ಪಾಗುತ್ತದೆ.

ಮರುಪ್ರಶ್ನೆ
ಕೇಳಿದವರು: ಜೀವಶಾಸ್ತ್ರ ಬೋಧಕಿ

ಇಬ್ಬರಿಗೂ ಧನ್ಯವಾದಗಳು. ಮೂರು ನಿಮಿಷ ಮತ್ತು ಒಂದು ಗಂಟೆಯ ಲೆಕ್ಕವನ್ನು ತರಗತಿಯಲ್ಲಿ ಹಾಗೆಯೇ ಬಳಸಿಕೊಳ್ಳುತ್ತೇನೆ. ಒಂದು ಸಂದೇಹ ಉಳಿದಿದೆ. ಮಂಜುಗಡ್ಡೆಯ ನೀರಿನಲ್ಲಿಟ್ಟ ಪ್ರನಾಳವನ್ನು 37 ಡಿಗ್ರಿಗೆ ತಂದರೆ ಕಿಣ್ವ ಮತ್ತೆ ಕೆಲಸ ಆರಂಭಿಸುತ್ತದೆ. ಕುದಿಸಿದ್ದನ್ನು ತಣಿಸಿ 37ಕ್ಕೆ ತಂದರೂ ಏನೂ ಆಗುವುದಿಲ್ಲ. ತಂಪಿನ ಪರಿಣಾಮ ಹಿಂದಿರುಗುವಂಥದ್ದು, ಬಿಸಿಯ ಪರಿಣಾಮ ಹಿಂದಿರುಗದಂಥದ್ದು ಎಂದು ಹೇಳಿಕೊಡುತ್ತೇವೆ. ಇದು ಎಲ್ಲ ಜೀರ್ಣಕಾರಿ ಕಿಣ್ವಗಳಿಗೂ ಅನ್ವಯಿಸುವ ನಿಯಮವೇ?

ಉತ್ತರ
ಬರೆದವರು: ಪ್ರೋಟೀನ್ ಸಂಶೋಧನೆಯ ವಿದ್ಯಾರ್ಥಿನಿ

ಅಲ್ಲ, ಮತ್ತು ಈ ನಿಯಮಕ್ಕಿರುವ ಬಹಳ ಪ್ರಸಿದ್ಧ ಅಪವಾದಗಳು ಜೀರ್ಣಕಾರಿ ಕಿಣ್ವಗಳಲ್ಲಿಯೇ ಸಿಗುತ್ತವೆ.

ತಂಪಿನ ಮಾತು ಸರಳ. ಸೊನ್ನೆ ಡಿಗ್ರಿಯ ಹತ್ತಿರ ಕಿಣ್ವದ ಆಕಾರ ಹಾಗೆಯೇ ಇರುತ್ತದೆ, ಶಕ್ತಿಯ ತಡೆಯನ್ನು ದಾಟುವ ಅಣುಗಳು ಮಾತ್ರ ವಿರಳವಾಗುತ್ತವೆ. ವೇಗ ಬಹಳ ಕಡಿಮೆಯಾದರೂ ಸೊನ್ನೆಯಾಗುವುದಿಲ್ಲ. ಮಂಜುಗಡ್ಡೆಯಲ್ಲಿಟ್ಟ ಪ್ರನಾಳವನ್ನು ಸಾಕಷ್ಟು ಹೊತ್ತು ಬಿಟ್ಟರೆ ಅಲ್ಲಿಯೂ ಪಿಷ್ಟ ಕರಗುತ್ತದೆ.

ಬಿಸಿಯಾದಾಗ ನಡೆಯುವುದನ್ನು ಎರಡು ಹಂತಗಳಾಗಿ ನೋಡಬೇಕು. ಮೊದಲ ಹಂತದಲ್ಲಿ ಮಡಿಚಿಕೊಂಡ ಸರಪಳಿ ಬಿಚ್ಚಿಕೊಳ್ಳುತ್ತದೆ. ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧಗಳು ಕೆಲವು ನಿಮಿಷ ಕುದಿಸಿದ ಮಾತ್ರಕ್ಕೆ ಕಡಿಯುವುದಿಲ್ಲ, ಸರಪಳಿ ಇಡಿಯಾಗಿಯೇ ಉಳಿದಿರುತ್ತದೆ. ಹಾಗಾಗಿ ತಣಿಸಿದರೆ ಅದು ಮತ್ತೆ ಮಡಿಚಿಕೊಳ್ಳಲು ತಾತ್ವಿಕವಾಗಿ ಅಡ್ಡಿಯಿಲ್ಲ. ಅಡ್ಡಿ ಬರುವುದು ಎರಡನೆಯ ಹಂತದಲ್ಲಿ. ಒಳಗೆ ಅಡಗಿದ್ದ, ನೀರನ್ನು ಒಲ್ಲದ ಭಾಗಗಳು ಹೊರಗೆ ತೆರೆದುಕೊಂಡಾಗ ಅಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುವಾಗ ನಡೆಯುವುದೂ ಇದೇ. ಒಮ್ಮೆ ಹೀಗೆ ಹೆಣೆದುಕೊಂಡ ಮೇಲೆ ತಣಿಸಿದರೂ ಬಿಡಿಸಿಕೊಳ್ಳಲಾಗದು. ಕುದಿಸಿದ ಅಮೈಲೇಸ್ ಮರಳದಿರುವುದಕ್ಕೆ ಮುಖ್ಯ ಕಾರಣ ಇದು.

ಎರಡನೆಯ ಹಂತವನ್ನು ತಪ್ಪಿಸಿದರೆ ಏನಾಗುತ್ತದೆ? ಅಮೆರಿಕದ ಜಾನ್ ನಾರ್ತ್ರಪ್ 1930ರ ದಶಕದ ಆರಂಭದಲ್ಲಿ ಪ್ರೋಟೀನ್‌ಗಳನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವದ ಸ್ಫಟಿಕ ರೂಪದ ಮೇಲೆ ಇದನ್ನು ತೋರಿಸಿದರು. ತೆಳು ಆಮ್ಲದಲ್ಲಿ ಕರಗಿಸಿದ ಟ್ರಿಪ್ಸಿನ್ ಅನ್ನು ಕುದಿಯುವ ಬಿಂದುವಿನ ಹತ್ತಿರ ಅಲ್ಪಕಾಲ ಕಾಯಿಸಿ ತಣಿಸಿದಾಗ ಅದರ ಚಟುವಟಿಕೆ ಬಹುಮಟ್ಟಿಗೆ ಮರಳಿ ಬಂತು. ಆಮ್ಲದಲ್ಲಿ ಸರಪಳಿಗಳೆಲ್ಲ ಧನ ಆವೇಶ ಪಡೆದು ಒಂದನ್ನೊಂದು ದೂರ ತಳ್ಳುವುದರಿಂದ ಮುದ್ದೆಗಟ್ಟುವುದಿಲ್ಲ. ಜೊತೆಗೆ, ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುವ ಕೆಲಸವೂ ಆಮ್ಲದಲ್ಲಿ ನಿಂತಿರುತ್ತದೆ. ಪಿಎಚ್ 8ರಲ್ಲಿ, ಅಂದರೆ ಅದು ಚೆನ್ನಾಗಿ ಕೆಲಸ ಮಾಡುವ ಸ್ಥಿತಿಯಲ್ಲಿ, ಕಾಯಿಸುವ ಮಾತಿರಲಿ, 37 ಡಿಗ್ರಿಯಲ್ಲಿ ಸುಮ್ಮನೆ ಬಿಟ್ಟರೂ ಅದು ತನ್ನನ್ನೇ ತಿಂದುಕೊಳ್ಳುತ್ತ ಹೋಗುತ್ತದೆ. ಕ್ಯಾಲ್ಸಿಯಂ ಇದ್ದರೆ ಆ ನಷ್ಟ ನಿಧಾನವಾಗುತ್ತದೆ. ಜಠರದಲ್ಲಿ ಪ್ರೋಟೀನ್ ಒಡೆಯುವ ಪೆಪ್ಸಿನ್‌ನ ಕಥೆ ತಿರುಗುಮುರುಗು: ಆಮ್ಲದಲ್ಲಿ ಗಟ್ಟಿಮುಟ್ಟಾಗಿರುವ ಅದು, ಪಿಎಚ್ ತಟಸ್ಥ ಮಟ್ಟವನ್ನು ದಾಟಿದರೆ ದೇಹದ ತಾಪಮಾನದಲ್ಲಿಯೇ ಶಾಶ್ವತವಾಗಿ ಹಾಳಾಗುತ್ತದೆ. ಆದ್ದರಿಂದ ತಾಪಮಾನವನ್ನು ಪಿಎಚ್‌ನಿಂದ ಬೇರ್ಪಡಿಸಿ ಮಾತಾಡುವುದು ಈ ಕಿಣ್ವಗಳ ವಿಷಯದಲ್ಲಿ ಅಪೂರ್ಣವಾಗುತ್ತದೆ.

ಇನ್ನೊಂದು ಉದಾಹರಣೆ ದನದ ಮೇದೋಜೀರಕ ಗ್ರಂಥಿಯ ರೈಬೋನ್ಯೂಕ್ಲಿಯೇಸ್. ಆಹಾರದಲ್ಲಿನ ಆರ್‌ಎನ್‌ಎಯನ್ನು ಒಡೆಯುವ ಈ ಕಿಣ್ವದಲ್ಲಿ 124 ಅಮೈನೋ ಆಮ್ಲಗಳಿವೆ, ಸರಪಳಿಯ ಭಾಗಗಳನ್ನು ಗಂಧಕದ ಮೂಲಕ ಬೆಸೆಯುವ ನಾಲ್ಕು ಡೈಸಲ್ಫೈಡ್ ಬಂಧಗಳಿವೆ. ಕುದಿಸಿ ತಣಿಸಿದ ಮೇಲೂ ಅದು ಮರಳಿ ಮಡಿಚಿಕೊಂಡು ಕೆಲಸ ಮುಂದುವರಿಸುತ್ತದೆ. ಪ್ರೋಟೀನ್ ಹೇಗೆ ಮಡಿಚಿಕೊಳ್ಳಬೇಕೆಂಬ ಮಾಹಿತಿ ಅದರ ಅಮೈನೋ ಆಮ್ಲಗಳ ಕ್ರಮದಲ್ಲಿಯೇ ಇದೆ ಎಂದು ಕ್ರಿಶ್ಚಿಯನ್ ಆನ್ಫಿನ್‌ಸೆನ್ ತೋರಿಸಿದ್ದು, 1972ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದದ್ದು ಇದೇ ಕಿಣ್ವದ ಅಧ್ಯಯನದಿಂದ.

ಉತ್ತರ
ಬರೆದವರು: ಜಠರ ಮತ್ತು ಕರುಳಿನ ವೈದ್ಯ

ಜ್ವರ ಮತ್ತು ತಣ್ಣೀರಿನ ಪ್ರಶ್ನೆ ಉಳಿದಿದೆ. ಲೆಕ್ಕ ಹಾಕಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಆಧಾರವಿಲ್ಲದ ಹೆದರಿಕೆಗಳು ತುಂಬ ಹಬ್ಬಿವೆ.

ಜ್ವರ 40 ಡಿಗ್ರಿಗೆ ಏರಿತು ಎಂದುಕೊಳ್ಳಿ. ಅಧ್ಯಾಪಕರು ಬಳಸಿದ 50 ಕಿಲೋಜೂಲ್‌ನ ಅಂಕಿಯನ್ನೇ ಹಿಡಿದರೆ 37ರಿಂದ 40ಕ್ಕೆ ಕಿಣ್ವಗಳ ವೇಗ ಸುಮಾರು ಶೇಕಡಾ 20ರಷ್ಟು ಹೆಚ್ಚಬೇಕು. ಮತ್ತು 40 ಡಿಗ್ರಿ ಎಂಬುದು ಮನುಷ್ಯನ ಜೀರ್ಣಕಾರಿ ಕಿಣ್ವಗಳು ಕುಸಿಯುವ ತಾಪಮಾನಕ್ಕಿಂತ ಸಾಕಷ್ಟು ಕೆಳಗಿದೆ. ಜ್ವರದಲ್ಲಿ ಊಟ ಸೇರದಿರುವುದು, ಹೊಟ್ಟೆ ಭಾರವೆನಿಸುವುದು ನಿಜ, ಆದರೆ ಅದಕ್ಕೆ ಕಿಣ್ವಗಳು ಹಾಳಾದದ್ದು ಕಾರಣವಲ್ಲ. ಸೋಂಕಿನ ವಿರುದ್ಧ ಹೋರಾಡುವಾಗ ಬಿಡುಗಡೆಯಾಗುವ ರಾಸಾಯನಿಕ ಸಂದೇಶಗಳು ಹಸಿವನ್ನು ತಗ್ಗಿಸುತ್ತವೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ.

ತಣ್ಣನೆಯ ನೀರಿನ ವಿಷಯದಲ್ಲಿ ಇತಿಹಾಸವೇ ನೆರವಿಗೆ ಬರುತ್ತದೆ. ಜೀರ್ಣರಸಕ್ಕೆ ಶಾಖ ಬೇಕು ಎಂಬುದು 18ನೇ ಶತಮಾನದಲ್ಲಿಯೇ ತಿಳಿದಿತ್ತು. ಇಟಲಿಯ ಸ್ಪಲ್ಲಾಂಜಾನಿ ಜಠರರಸ ಮತ್ತು ಮಾಂಸ ತುಂಬಿದ ಗಾಜಿನ ನಳಿಕೆಗಳನ್ನು ಬೆಚ್ಚಗಿಡಲು ತಮ್ಮ ಕಂಕುಳಲ್ಲಿಯೇ ಇಟ್ಟುಕೊಂಡಿದ್ದರು. ಆಮೇಲೆ ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಂಟ್, 1822ರಲ್ಲಿ ಗುಂಡೇಟಿನಿಂದ ಹೊಟ್ಟೆಯಲ್ಲಿ ಶಾಶ್ವತ ರಂಧ್ರ ಉಳಿದಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಜಠರವನ್ನು ವರ್ಷಗಟ್ಟಲೆ ಗಮನಿಸಿ, 1833ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಜಠರದೊಳಗೆ ತಾಪಮಾಪಕವನ್ನಿಟ್ಟು ಅವರು ಕಂಡದ್ದು ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್‌ಗೆ ತುಸು ಕಡಿಮೆ. ಹೊರತೆಗೆದ ಜಠರರಸದಲ್ಲಿ ಹಾಕಿದ ಮಾಂಸ ಆ ಶಾಖದಲ್ಲಿ ಕರಗತೊಡಗಿತು; ತಣ್ಣಗಿಟ್ಟ ರಸದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ತಣ್ಣೀರು ಹೊಕ್ಕಾಗ ಜಠರದ ತಾಪಮಾನ ಇಳಿದು ನಿಧಾನವಾಗಿ ಮೊದಲ ಮಟ್ಟಕ್ಕೆ ಬರುವುದನ್ನೂ ಅವರು ದಾಖಲಿಸಿದ್ದಾರೆ.

ಹಾಗಿದ್ದರೆ ತಣ್ಣೀರು ಜೀರ್ಣಕ್ರಿಯೆಯನ್ನು ಕೆಡಿಸುತ್ತದೆಯೇ? 5 ಡಿಗ್ರಿಯ 250 ಮಿಲಿಲೀಟರ್ ನೀರನ್ನು 37ಕ್ಕೆ ಏರಿಸಲು ಬೇಕಾದ ಶಾಖ ಸುಮಾರು 8 ಕಿಲೋಕ್ಯಾಲೊರಿ. ಸುತ್ತಲಿನ ರಕ್ತಪ್ರವಾಹಕ್ಕೆ ಇದು ದೊಡ್ಡ ಹೊರೆಯಲ್ಲ. ಆ ಸ್ವಲ್ಪ ಹೊತ್ತು ಪೆಪ್ಸಿನ್ ನಿಧಾನವಾಗುತ್ತದೆ, ಆದರೆ ತಂಪಿನಿಂದ ಅದು ಹಾಳಾಗುವುದಿಲ್ಲವಾದ್ದರಿಂದ ಬೆಚ್ಚಗಾದೊಡನೆ ಪೂರ್ಣ ವೇಗಕ್ಕೆ ಮರಳುತ್ತದೆ. ಜೀರ್ಣಕ್ರಿಯೆಯ ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ, ಅಲ್ಲಿಗೆ ತಲುಪುವ ಹೊತ್ತಿಗೆ ಆಹಾರ ದೇಹದ ತಾಪಮಾನಕ್ಕೆ ಹತ್ತಿರ ಬಂದಿರುತ್ತದೆ. ಇದಕ್ಕಿಂತ ಮುಖ್ಯವಾದುದು ಕಿಣ್ವಗಳ ದೊಡ್ಡ ಮೀಸಲು. ಮೇದೋಜೀರಕ ಗ್ರಂಥಿ ಸ್ರವಿಸುವ ಲೈಪೇಸ್‌ನ ಪ್ರಮಾಣ ಸಾಮಾನ್ಯ ಮಟ್ಟದ ಶೇಕಡಾ 10ಕ್ಕಿಂತ ಕೆಳಗಿಳಿದಾಗಲೇ ಮಲದಲ್ಲಿ ಕೊಬ್ಬು ಗಮನಾರ್ಹವಾಗಿ ಹೆಚ್ಚುವುದು. ಇಂಥ ವ್ಯವಸ್ಥೆಯಲ್ಲಿ ಅರ್ಧ ಗಂಟೆಯ ಮಟ್ಟಿಗೆ ವೇಗ ಅರ್ಧವಾದರೂ ಆರೋಗ್ಯವಂತರಲ್ಲಿ ಅದರ ಗುರುತು ಉಳಿಯುವುದಿಲ್ಲ. ತಣ್ಣೀರು ಕುಡಿದರೆ ಕೆಲವರಿಗೆ ಹೊಟ್ಟೆ ಹಿಂಡಿದಂತಾಗುವುದು ಉಂಟು. ಅದು ಜಠರದ ಸ್ನಾಯು ಮತ್ತು ನರಗಳ ಪ್ರತಿಕ್ರಿಯೆ.

ಬಿಸಿಯ ವಿಷಯದಲ್ಲಿ ಮಾತ್ರ ನಾನು ರೋಗಿಗಳಿಗೆ ಖಡಾಖಂಡಿತವಾಗಿ ಹೇಳುವ ಒಂದು ಮಾತಿದೆ. ಮೇದೋಜೀರಕ ಗ್ರಂಥಿ ಸೋತವರು ಕಿಣ್ವಗಳ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾರೆ. ನುಂಗಲಾಗದವರು ಅದನ್ನು ಬಿಚ್ಚಿ ಒಳಗಿನ ಕಾಳುಗಳನ್ನು ಮೆತ್ತಗಿನ ಆಹಾರದಲ್ಲಿ ಬೆರೆಸಿಕೊಳ್ಳುವಾಗ ಆ ಆಹಾರ ಬಿಸಿಯಾಗಿರಬಾರದು. ಬಾಯಿಗೆ ಹಿತವೆನಿಸುವ ಬಿಸಿ ಊಟವೂ 60 ಡಿಗ್ರಿಯ ಸುಮಾರಿಗೆ ಇರಬಹುದು, ಮತ್ತು ಆ ತಾಪಮಾನದಲ್ಲಿ ಕಿಣ್ವಗಳಿಗೆ ಏನಾಗುತ್ತದೆ ಎಂಬುದು ಮೇಲಿನ ಉತ್ತರಗಳಲ್ಲಿದೆ.

ಉತ್ತರ
ಬರೆದವರು: ಪ್ರಾಣಿ ಶರೀರಕ್ರಿಯೆಯ ಅಧ್ಯಯನಕಾರ

ಮನುಷ್ಯನನ್ನು ಮಾತ್ರ ನೋಡುತ್ತಿದ್ದರೆ 37 ಎಂಬ ಸಂಖ್ಯೆಗೆ ವಿಶೇಷ ಮಹತ್ವ ಬಂದುಬಿಡುತ್ತದೆ. ಹಕ್ಕಿಗಳ ದೇಹದ ತಾಪಮಾನ ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಅವುಗಳ ಪೆಪ್ಸಿನ್, ಟ್ರಿಪ್ಸಿನ್‌ಗಳು ಅಲ್ಲಿ ಆರಾಮವಾಗಿ ಕೆಲಸ ಮಾಡುತ್ತವೆ. ಕಿಣ್ವಗಳಿಗೆ 37 ಹಿತವಾದ್ದರಿಂದ ನಮ್ಮ ದೇಹ 37ರಲ್ಲಿದೆ ಎಂದು ಕೆಲವು ಟಿಪ್ಪಣಿಗಳು ಹೇಳುತ್ತವೆ. ಕಾರಣವನ್ನು ಅಲ್ಲಿ ತಲೆಕೆಳಗು ಮಾಡಲಾಗಿದೆ. ಪ್ರಾಣಿ ಯಾವ ತಾಪಮಾನದಲ್ಲಿ ಬದುಕುತ್ತದೆಯೋ ಅಲ್ಲಿ ಸಾಕಷ್ಟು ವೇಗವೂ ಸಾಕಷ್ಟು ಬಾಳಿಕೆಯೂ ಇರುವಂತೆ ಅದರ ಕಿಣ್ವಗಳು ವಿಕಾಸದ ಹಾದಿಯಲ್ಲಿ ಹೊಂದಿಕೊಂಡಿವೆ.

ಇದಕ್ಕೆ ಒಳ್ಳೆಯ ಸಾಕ್ಷಿ ಅಟ್ಲಾಂಟಿಕ್ ಸಾಗರದ ಕಾಡ್ ಮೀನು. ತಣ್ಣನೆಯ ನೀರಿನಲ್ಲಿ ಬದುಕುವ ಈ ಮೀನಿನ ದೇಹವೂ ಆ ನೀರಿನಷ್ಟೇ ತಣ್ಣಗಿರುತ್ತದೆ. ಅದರ ಟ್ರಿಪ್ಸಿನ್ ಕಡಿಮೆ ತಾಪಮಾನದಲ್ಲಿ ದನದ ಟ್ರಿಪ್ಸಿನ್‌ಗಿಂತ ಬಹಳ ಚುರುಕು. ಆದರೆ ಬಿಸಿಯನ್ನು ಅದು ದನದ ಟ್ರಿಪ್ಸಿನ್‌ನಷ್ಟು ತಾಳಲಾರದು, ಆಮ್ಲವನ್ನೂ ಅಷ್ಟಾಗಿ ತಾಳಲಾರದು. ತಂಪಿನಲ್ಲಿ ಬೇಗ ಕೆಲಸ ಮಾಡಬೇಕಾದರೆ ಕಿಣ್ವದ ರಚನೆ ಹೆಚ್ಚು ಬಳುಕಬೇಕು, ಹಾಗೆ ಬಳುಕುವ ರಚನೆ ಬಿಸಿಯಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ವೇಗ ಮತ್ತು ಬಾಳಿಕೆಯ ನಡುವಿನ ಇದೇ ಪೈಪೋಟಿಯನ್ನು ಅಧ್ಯಾಪಕರು ಒಂದೇ ಪ್ರನಾಳದ ಒಳಗೆ ತೋರಿಸಿದರು. ಇಲ್ಲಿ ಅದು ಎರಡು ಪ್ರಾಣಿಗಳ ನಡುವೆ ಕಾಣುತ್ತದೆ.

ಹಾವುಗಳ ಕಷ್ಟ ಬೇರೆ ಬಗೆಯದು. ಬೇಟೆಯನ್ನು ಇಡಿಯಾಗಿ ನುಂಗುವ ಅವುಗಳಿಗೆ ಸ್ವಂತ ಶಾಖ ಹೆಚ್ಚಿಲ್ಲ, ಜೀರ್ಣವಾಗಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಹೊಟ್ಟೆಯೊಳಗಿನ ಬೇಟೆ ಕೊಳೆಯತೊಡಗಿದರೆ ಅಪಾಯ. ಆದ್ದರಿಂದ ಅನೇಕ ಜಾತಿಯ ಹಾವುಗಳು ಊಟದ ನಂತರ ಬೆಚ್ಚನೆಯ ಜಾಗವನ್ನು ಹುಡುಕಿ ಹೋಗುತ್ತವೆ, ಸಾಮಾನ್ಯ ದಿನಗಳಿಗಿಂತ ಕೆಲವು ಡಿಗ್ರಿ ಹೆಚ್ಚಿನ ತಾಪಮಾನವನ್ನು ಆರಿಸಿಕೊಳ್ಳುತ್ತವೆ. ಅಂಥ ಜಾಗ ಸಿಗದೆ ದೇಹ ತಣ್ಣಗೇ ಉಳಿದರೆ, ಸೆರೆಯಲ್ಲಿ ಸಾಕಿದ ಹೆಬ್ಬಾವುಗಳಲ್ಲಿ ಕಾಣುವಂತೆ, ನುಂಗಿದ್ದನ್ನು ಹಾವು ಮರಳಿ ಹೊರಹಾಕುತ್ತದೆ.